ಗಂಟೆಯಣ್ಣನ ಹಗ್ಗ

ನನ್ನ ಅಣ್ಣನನ್ನು ಊರೆಲ್ಲ ಗಂಟೆಯಣ್ಣ ಎಂದೇ ಕರೆಯುತ್ತಿತ್ತು. ಚರ್ಚಿನ ಬಾಗಿಲು ತೆಗೆಯುವುದು, ಬೆಂಚು ಒರೆಸುವುದು, ಗೋಪುರದ ಕೆಳಗೆ ನಿಂತು ಹಗ್ಗ ಜಗ್ಗಿ ಗಂಟೆ ಬಾರಿಸುವುದು ಅವನ ಕೆಲಸ. ಅತ್ತಿಗೆ ತೀರಿಕೊಂಡಾಗ ಮನೆ ನೋಡಿಕೊಳ್ಳಲೆಂದು ಬಂದ ತಂಗಿ ನಾನು, ಅಲ್ಲೇ ಉಳಿದುಬಿಟ್ಟೆ. ಅಣ್ಣ ಒಳ್ಳೆಯವನೇ, ಆದರೆ ಹಟಮಾರಿ ಎಂದರೆ ಹಟಮಾರಿ. ಹಾಲು ಉಕ್ಕಿ ಚೆಲ್ಲಿದರೂ "ದೇವರ ಚಿತ್ತ" ಎನ್ನುತ್ತಿದ್ದ. "ಚಿತ್ತವೂ ಇಲ್ಲ, ಗಿತ್ತವೂ ಇಲ್ಲ. ನೀನು ಒಲೆ ಆರಿಸಿಲ್ಲ ಅಷ್ಟೆ" ಎಂದು ನಾನು ರೇಗುತ್ತಿದ್ದೆ.

ಅವನಿಗೆ ಒಬ್ಬಳೇ ಮಗಳು. ಅವಳು ಹುಟ್ಟುವಾಗ ಡಾಕ್ಟರು ಕೈಚೆಲ್ಲಿದ್ದರು. ಅಣ್ಣ ಪೀಠದ ಮುಂದೆ ಮಂಡಿಯೂರಿ, ಮಗು ಉಳಿದರೆ ನಿನ್ನ ಸೇವೆಗೇ ಕೊಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟ. ಮಗು ಉಳಿಯಿತು. ಅವಳು ಕನ್ಯಾಸ್ತ್ರೀ ಆಗುವುದು ದೇವರ ಯೋಜನೆ ಎಂದು ಅವನು ಅಂದೇ ತೀರ್ಮಾನಿಸಿಬಿಟ್ಟ. ಆ ಹುಡುಗಿಯನ್ನು ಕೇಳಿದವರು ಯಾರು?

ದೊಡ್ಡವಳಾದ ಮೇಲೆ ಅವಳು, ಚರ್ಚಿಗೆ ಹೊಸ ವೈರಿಂಗ್ ಮಾಡಲು ಬಂದ ಎಲೆಕ್ಟ್ರಿಷಿಯನ್ ಹುಡುಗನನ್ನು ಮೆಚ್ಚಿದಳು. ಅಣ್ಣ ಕೆಂಡಾಮಂಡಲವಾದ. "ನಿನ್ನನ್ನ ದೇವರಿಗೆ ಕೊಟ್ಟಾಗಿದೆ" ಎಂದ. ಅವಳೂ ಅವನ ಮಗಳೇ ತಾನೆ! "ಅಪ್ಪಾ, ಮಾತು ಕೊಟ್ಟಿದ್ದು ನೀನು. ದೇವರಿಗೆ ನಾನು ಬೇಕಾಗಿದ್ರೆ ನನ್ನನ್ನೇ ಕೇಳ್ತಿದ್ದ" ಎಂದಳು. ಫಾದರ್ ಕೂಡ ಮನೆಗೆ ಬಂದು, "ದೇವರು ಯಾರ ಕೈಯನ್ನೂ ತಿರುಚಿ ಒಪ್ಪಿಸಲ್ಲಪ್ಪ" ಎಂದು ತಿಳಿಹೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವಳು ಆ ಹುಡುಗನನ್ನೇ ಕಟ್ಟಿಕೊಂಡಳು. ಮದುವೆಯ ದಿನ ಗಂಟೆ ಬಾರಿಸಿದವನು ಅಣ್ಣನೇ. ಬಾರಿಸಿ, ಹಿಂಬಾಗಿಲಿನಿಂದ ಮನೆಗೆ ಬಂದು ಮಲಗಿಬಿಟ್ಟ.

ಅವಳ ಗಂಡನ ಮನೆ ಊರ ಸೇತುವೆಯ ಆಚೆ ಬದಿಗೇ ಇತ್ತು. ನಾನು ಹೋಗಿ ಬಂದು ಮಾಡುತ್ತಿದ್ದೆ. ಅಣ್ಣ ಮಾತ್ರ ಸೇತುವೆ ದಾಟಲಿಲ್ಲ. "ಗಂಟೆ ಹೊಡೆದು ಊರನ್ನೆಲ್ಲ ಕರೀತಾನೆ ಅತ್ತೆ, ನನ್ನೊಬ್ಬಳನ್ನ ಬಿಟ್ಟು" ಎಂದು ಅವಳು ನಗುತ್ತಾ ಹೇಳುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಕೊನೆಗೆ ಅವಳ ಹೃದಯಕ್ಕೆ ಕಾಯಿಲೆ ಬಂತು. ಹಾಸಿಗೆ ಹಿಡಿದಳು. ನಾನು ಅಣ್ಣನ ಎದುರು ಕೂತು, "ಇನ್ನಾದರೂ ಹೋಗೋ" ಎಂದು ಅತ್ತುಬಿಟ್ಟೆ. ಆಗ ಅವನು ಬಾಯಿಬಿಟ್ಟ.

"ನಾನು ದೇವರ ಹತ್ರ ಒಂದು ಗುರುತು ಕೇಳಿದ್ದೀನಿ ಕಣೆ. ಬಾರಿಸ್ತಾ ಇರುವಾಗ ಹಗ್ಗ ಹರಿದ್ರೆ, ಹೋಗು ಅಂತ ಅರ್ಥ. ಇನ್ನೂ ಹರಿದಿಲ್ಲ."

"ಹೇಗೆ ಹರಿಯುತ್ತೆ? ಮೇಣ ತಿಕ್ಕೋನು ನೀನು! ಒಂದೆಳೆ ಸಡಿಲ ಆದ್ರೆ ಹೊಸ ಹಗ್ಗ ಹಾಕೋನು ನೀನು!"

"ಅದು ನನ್ನ ಕೆಲಸ ಅಲ್ವಾ? ಕೆಲಸದಲ್ಲಿ ಮೋಸ ಮಾಡೋಕಾಗುತ್ತಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳಿಗೆ ಹೇಳಿದರೆ ಅವಳೂ ನಕ್ಕಳು. "ಅಪ್ಪ ಹಗ್ಗ ಹರಿಯೋಕೆ ಬಿಟ್ಟಾನಾ ಅತ್ತೆ?" ಎಂದಳು. ಆದರೆ ಅಂದಿನಿಂದ ಚರ್ಚಿನ ಕಡೆಯ ಕಿಟಕಿ ಮುಚ್ಚಲು ಬಿಡಲಿಲ್ಲವಂತೆ.

ಮರುದಿನ ಬೆಳಿಗ್ಗೆ ಅಣ್ಣ ಬೆಂಚು ಒರೆಸುತ್ತಿದ್ದಾಗ ನಾನು ಅಡುಗೆಮನೆಯ ಚಾಕು ಹಿಡಿದು ಗೋಪುರದ ಕೆಳಗೆ ಹೋದೆ. ಅವನು ಕೈ ಹಾಕುವ ಜಾಗದ ಹತ್ತಿರವೇ, ನಾಲ್ಕೆಳೆ ಉಳಿಸಿ ಹಗ್ಗ ಕುಯ್ದೆ. ಅವನು ಬಂದು ಜಗ್ಗಿದ. ಗಂಟೆ ನಾಲ್ಕೈದು ಸಲ ಹೊಡೆಯಿತು, ಹಗ್ಗ ಕಿತ್ತು ಅವನ ಕೈಗೆ ಬಂತು. ಒಂದು ಗಳಿಗೆ ಅವನ ಮುಖ ಅರಳಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಆಮೇಲೆ ತುದಿಯನ್ನು ಬೆಳಕಿಗೆ ಹಿಡಿದ. ಜೀವಮಾನವೆಲ್ಲ ಹಗ್ಗ ಹಿಡಿದವನಿಗೆ ತಿಳಿಯದೆ ಇರುತ್ತದೆಯೇ?

"ಇದು ಹರಿದಿದ್ದಲ್ಲ, ಕುಯ್ದಿದ್ದು."

"ಹೌದು, ನಾನೇ ಕುಯ್ದೆ. ಈಗ ಹೋಗು!"

"ಮನುಷ್ಯರ ಕೈಕೆಲಸ ದೇವರ ಗುರುತಾಗಲ್ಲ" ಎಂದು ಅಲ್ಲೇ ಸ್ಟೂಲು ಎಳೆದುಕೊಂಡು ಹತ್ತಿ, ಎರಡು ತುದಿಗಳನ್ನೂ ಸೇರಿಸಿ ದಪ್ಪ ಗಂಟು ಹಾಕಿದ. ಪ್ರಾರ್ಥನೆಯ ಗಂಟೆಯಲ್ಲಿ ಉಳಿದಿದ್ದನ್ನು ಬಾರಿಸಿ ಮುಗಿಸಿದ. ಆ ಹೊತ್ತು ಅವನನ್ನು ಹೊಡೆದುಬಿಡಬೇಕು ಎನಿಸಿತು ನನಗೆ.

ಅದೇ ವಾರ ಅಳಿಯ ನಮ್ಮ ಬಾಗಿಲಲ್ಲಿ ಬಂದು ನಿಂತ. "ಮಾವ, ಹೋಗ್ಬಿಟ್ಳು" ಎಂದ. ಅಣ್ಣನ ಬಾಯಿಂದ ದೇವರ ಚಿತ್ತ ಎಂಬ ಮಾತು ಹೊರಡಲಿಲ್ಲ. ಅಳಿಯ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದ: "ಮೊನ್ನೆ ಬೆಳಿಗ್ಗೆ ಗಂಟೆ ಅರ್ಧಕ್ಕೆ ನಿಂತೋಯ್ತಲ್ಲ ಮಾವ, ಆಗ ಎದ್ದು ಕೂತ್ಳು. ಹಗ್ಗ ಹರೀತು, ಅಪ್ಪ ಬರ್ತಾನೆ, ತಲೆ ಬಾಚು ಅಂದ್ಳು. ನಾನು ಬಾಚ್ತಾ ಇದ್ದೆ. ಅಷ್ಟರಲ್ಲಿ ಮತ್ತೆ ಗಂಟೆ ಹೊಡೀತು."

ಸತ್ತವರಿಗೆ ಗಂಟೆ ಬಾರಿಸುವುದೂ ಅವನದೇ ಕೆಲಸ. ಬೇರೆಯವರು ಬಾರಿಸಲಿ ಎಂದರೆ ಕೇಳಲಿಲ್ಲ. ನಾನು ಜೊತೆಗೆ ಹೋದೆ. ಹಗ್ಗ ಹಿಡಿದಾಗ ಆ ಗಂಟು ಸರಿಯಾಗಿ ಅವನ ಅಂಗೈಗೇ ಬಂತು. ಜಗ್ಗದೆ ನಿಂತ.

"ಕುಯ್ದಿದ್ದು ನಿನ್ನ ಕೈ ಅನ್ನೋದು ಗೊತ್ತಾಯ್ತು. ಆ ಕೈ ಕಳಿಸಿದ್ದು ಯಾರು ಅಂತ ಯೋಚನೆ ಮಾಡ್ಲಿಲ್ಲ ಕಣೆ" ಎಂದ.

ಅವನು ಗಂಟನ್ನು ಬಿಗಿಯಾಗಿ ಹಿಡಿದು ಮಗಳಿಗೆ ಗಂಟೆ ಬಾರಿಸಿದ.