ಬೇಡಪ್ಪನ ಮೀಸೆ ಮತ್ತು ಹೊರಗಿನ ಪೆಟ್ಟಿಗೆ

ಸ್ಟೀರಿಯೊ ರಿಪೇರಿಯವನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಬೇಡಪ್ಪ. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದಿರುವುದು ಅದೊಂದೇ ಮಾತು. ದಪ್ಪ ವೈರು ಬೇಕೇ? ಬೇಡ. ಸ್ಪೀಕರಿನ ಕೆಳಗೆ ಕಲ್ಲಿನ ಚಪ್ಪಡಿ? ಬೇಡ. ಬೇರೆಯಾಗಿ ಒಂದು ಪ್ರೀ-ಆಂಪ್ ಬೇಕೇ ಎಂದು ಕೇಳಿದವರನ್ನಂತೂ ಕುರ್ಚಿ ಹಾಕಿ ಕೂರಿಸಿಯೇ ಬೇಡ ಎನ್ನುತ್ತಾನೆ.

“ಸಣ್ಣ ದನೀನ ತಿದ್ದಿ ತೀಡಿ ಮುಂದಕ್ಕೆ ಕಳಿಸೋದು ಪ್ರೀ-ಆಂಪಿನ ಕೆಲಸ. ನಿಮ್ಮ ಆಂಪ್ಲಿಫೈಯರಿನ ಹೊಟ್ಟೇಲೇ ಅದು ಇದೆ. ಒಳಗೇ ಇರೋದಕ್ಕೆ ಹೊರಗೊಂದು ಯಾಕೆ?”

ನಂಬದವರಿಗೆ ಪರದೆಯ ಪರೀಕ್ಷೆ. ಅಂಗಡಿಯ ನಡುವೆ ಬಣ್ಣ ಮಾಸಿದ ಹಸಿರು ಪರದೆ, ಅದರ ಹಿಂದೆ ಹೆಂಡತಿ. ಒಂದೇ ಹಾಡನ್ನು ಎರಡು ಸಲ ಹಾಕುತ್ತಾಳೆ: ಒಮ್ಮೆ ಅಂಗಡಿಯ ಹಳೆಯ ಪ್ರೀ-ಆಂಪ್ ಪೆಟ್ಟಿಗೆ ಸೇರಿಸಿ, ಒಮ್ಮೆ ಸೇರಿಸದೆ. ಯಾವುದು ಯಾವುದೆಂದು ಕೂತವರು ಹೇಳಬೇಕು. ಸರಿಯಾಗಿ ಹೇಳಿದವರಿಲ್ಲ. ಆ ಗೆಲುವಿನ ಅಮಲಿನಲ್ಲೇ ಅವನೊಮ್ಮೆ ಬೀದಿಗೆಲ್ಲ ಕೇಳುವಂತೆ ಹೇಳಿದ್ದ: “ಹೊರಗಿನ ಪೆಟ್ಟಿಗೆ ಬೇಕೇ ಬೇಕು ಅಂತ ಯಾರಾದ್ರೂ ಇಲ್ಲಿ ತೋರಿಸಿಕೊಡ್ಲಿ, ಈ ಮೀಸೆ ಬೋಳಿಸ್ತೀನಿ.”

ಅದು ಸಾಮಾನ್ಯ ಮೀಸೆಯಲ್ಲ. ಕಿವಿಯ ಸಮೀಪದವರೆಗೆ ಹೋಗಿ, ಹಿಂತಿರುಗಿ ನೋಡುವ ಮೀಸೆ. ಮದುವೆಯ ಫೋಟೊದಲ್ಲೂ ಇದೆ. ಹೆಂಡತಿ ಅವನ ಮೇಲ್ದುಟಿಯನ್ನು ಕಂಡವಳೇ ಅಲ್ಲ. ಎದುರಿನ ಕ್ಷೌರದಂಗಡಿಯವನಿಗೆ ಹನ್ನೊಂದು ವರ್ಷದಿಂದ ಅದರ ತುದಿಗೆ ಕತ್ತರಿ ತಾಗಿಸಲು ಮಾತ್ರ ಅಪ್ಪಣೆ.

ಆ ಕ್ಷೌರದಂಗಡಿಯವ ಒಂದು ರೆಕಾರ್ಡ್ ಪ್ಲೇಯರ್ ಕೊಂಡ.

“ಅಣ್ಣಾ, ಸದ್ದೇ ಬರ್ತಿಲ್ಲ. ಬೇರೆ ಪ್ರೀ-ಆಂಪ್ ಬೇಕಂತೆ.”

“ಬೇಡ,” ಎಂದ ಬೇಡಪ್ಪ, ಬೆಸುಗೆಯಿಂದ ತಲೆಯೆತ್ತದೆ.

“ನನ್ನ ಆಂಪ್ಲಿಫೈಯರ್ ಒಂದ್ಸಲ ನೋಡಬಾರದಾ?”

“ನೋಡೋದೇನಿದೆ? ತಗೊಂಡು ಬಾ. ಇವತ್ತು ಪರದೆ ಮುಂದೆ ನಾನೇ ಕೂರ್ತೀನಿ.”

“ಮೀಸೆ ಮಾತು?”

“ಹಾಗೇ ಇದೆ. ಮೀಸೇನೂ ಹಾಗೇ ಇರತ್ತೆ.”

ಮಧ್ಯಾಹ್ನ ಅವನು ಪ್ಲೇಯರನ್ನೂ ತನ್ನ ಪುಟ್ಟ ಹೊಸ ಆಂಪ್ಲಿಫೈಯರನ್ನೂ ಹೊತ್ತು ತಂದ, ಹಿಂದೆಯೇ ಕ್ಷೌರದಂಗಡಿಯ ಗಿರಾಕಿಗಳೂ ಬಂದರು. ಒಬ್ಬನ ಒಂದು ಕೆನ್ನೆಯಲ್ಲಿ ಇನ್ನೂ ಸೋಪಿನ ನೊರೆಯಿತ್ತು. ಮೊದಲ ಸಲ ಹಾಡು ಡಬ್ಬಿಯೊಳಗಿನ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಎರಡನೆಯ ಸಲ ಅಂಗಡಿಯನ್ನೆಲ್ಲ ತುಂಬಿತು.

“ವಾಲ್ಯೂಮ್ ತಿರುಗಿಸಿದ್ಯಾ?” ಎಂದು ಬೇಡಪ್ಪ ಪರದೆಯನ್ನು ಕೇಳಿದ.

“ಮುಟ್ಟಿಲ್ಲ,” ಎಂದಿತು ಪರದೆ.

ಬೇಡಪ್ಪ ಎದ್ದು ಹೋಗಿ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿದ. ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರುವ ದನಿ ತೀರ ಕ್ಷೀಣ. ಹಳೆಯ ಆಂಪ್ಲಿಫೈಯರುಗಳ ಬೆನ್ನಲ್ಲಿ ಅದಕ್ಕೆಂದೇ ಒಂದು ಕಿಂಡಿ, ಒಳಗೆ ಅದಕ್ಕೆ ತಕ್ಕ ಪ್ರೀ-ಆಂಪ್ ಇರುತ್ತಿದ್ದವು. ಈ ಹೊಸ ಪುಟಾಣಿಗೆ ಎರಡೂ ಇಲ್ಲ. ಬೇಡಪ್ಪನಿಗೆ ಇದು ತಿಳಿಯದ್ದೇನಲ್ಲ. ಬೇಡ ಎನ್ನುವ ಮೊದಲು ನೋಡಲಿಲ್ಲ, ಅಷ್ಟೇ.

“ನಿಂಗೆ ಗೊತ್ತಿತ್ತಾ?” ಎಂದ ಹೆಂಡತಿಗೆ.

“ವೈರು ಚುಚ್ಚೋವಾಗ ಗೊತ್ತಾಯ್ತು.”

“ಹೇಳಬಾರದಾ?”

“ಪರದೆ ಹಿಂದಿರೋರು ಬಾಯಿ ಬಿಡಬಾರದು ಅಂತ ಕಟ್ಟಪ್ಪಣೆ ಮಾಡಿದೋರು ನೀವೇ ಅಲ್ವಾ?”

ಬೇಡಪ್ಪ ಕ್ಷೌರದಂಗಡಿಯವನ ಕಡೆ ತಿರುಗಿದ. “ನೋಡಪ್ಪ, ಇದು ರೆಕಾರ್ಡಿಗೆ ಮಾತ್ರ. ಸಿಡಿಗೆ, ರೇಡಿಯೊಗೆ ಈಗಲೂ ಬೇಡ.”

“ಒಪ್ಪಿದೆ ಅಣ್ಣಾ. ಬೋಳಿಸೋದೂ ಮೇಲ್ದುಟಿ ಮಾತ್ರ,” ಎಂದ ಅವನು, ಟವೆಲ್ ಕೊಡವುತ್ತ.

ಬೀದಿ ದಾಟಲು ಹತ್ತು ಹೆಜ್ಜೆ. ಬೇಡಪ್ಪ ಇಪ್ಪತ್ತು ಹಾಕಿದ. ಕೆಲಸ ಮುಗಿದ ಮೇಲೆ ಹೆಂಡತಿ ಆ ಹೊಸ ಮುಖವನ್ನು ಬಲದಿಂದ, ಎಡದಿಂದ ನೋಡಿದಳು.

“ಬೇಜಾರು ಮಾಡ್ಕೋಬೇಡಿ. ಮೀಸೆ ಎಲ್ಲೂ ಹೋಗಿಲ್ಲ, ಒಳಗೇ ಇದೆ. ಒಳಗೇ ಇರೋದಕ್ಕೆ ಹೊರಗೊಂದು ಯಾಕೆ?”

ಬೇಡಪ್ಪ ಈಗಲೂ ಬೇಡ ಎನ್ನುತ್ತಾನೆ. ಮೊದಲು ಪೆಟ್ಟಿಗೆ ತಿರುಗಿಸಿ ಬೆನ್ನು ನೋಡುತ್ತಾನೆ, ಆಮೇಲೆ ಬೇಡ. ಮೀಸೆ ಮತ್ತೆ ಅರ್ಧ ಕೆನ್ನೆಯವರೆಗೆ ಬಂದಿದೆ. ಕ್ಷೌರದಂಗಡಿಯವನು ಇನ್ನೇನಾದರೂ ಹೊಸ ಯಂತ್ರ ಸಿಕ್ಕೀತೇ ಎಂದು ವಿಚಾರಿಸುತ್ತಿದ್ದಾನೆ.