ದುರುಗಮ್ಮನ ಹನ್ನೊಂದು ಗಂಟು

ಅತ್ತೆಯ ಸೊಂಟದ ಚೀಲದಲ್ಲಿದ್ದ ಐನೂರರ ನೋಟುಗಳು ಆ ದಿನ ಬೆಳಿಗ್ಗೆಯಿಂದ ನನ್ನ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ಮಗುವಿಗೆ ರಾಗಿ ಮಣ್ಣಿ ತಿನ್ನಿಸುವಾಗಲೂ ಅವೇ, ಒಲೆಯ ಮೇಲೆ ಹಾಲು ಉಕ್ಕಿ ಹೋದಾಗಲೂ ಅವೇ. ಅತ್ತೆ ಗೋರಖಪುರದಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ನೇಪಾಳದ ಗಡಿ ದಾಟಿ, ಬುದ್ಧ ಹುಟ್ಟಿದ ಲುಂಬಿನಿಗೆ ಹೋಗುವವರಿದ್ದರು. ನಾನು ಕೂಡ್ಲಿಗಿಯ ಮನೆಯಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಫೋನು ನೋಡುತ್ತಾ ನಿಂತಿದ್ದೆ.

ನನ್ನ ಅತ್ತೆ ದುರುಗಮ್ಮ ಮೂವತ್ತೊಂದು ವರ್ಷ ಕೂಡ್ಲಿಗಿಯ ಬೀದಿ ಗುಡಿಸಿದವರು, ಅದರಲ್ಲಿ ಇಪ್ಪತ್ತೆರಡು ವರ್ಷ ಗುತ್ತಿಗೆಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಪರ್ಸುಗಳನ್ನು ಬಿಚ್ಚಿಯೂ ನೋಡದೆ ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಿದ್ದರು. ಕೆಲಸ ಕಾಯಂ ಆದ ವರ್ಷ ಮಗ, ಅಂದರೆ ನನ್ನ ಗಂಡ ಕ್ರಾಂತಿಕುಮಾರನ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡರು. ಆದರೂ ಉಚ್ಚಂಗಿದುರ್ಗದ ದೇವಿಯ ಗುಡ್ಡ ಕಂಡರೆ ಕೈ ಮುಗಿಯುತ್ತಾರೆ. "ಆಕಿ ಹಳೇ ಪರಿಚಯ, ಮಾತು ಬಿಡಾಕ ಆಗ್ತೈತೇನು?" ಎನ್ನುತ್ತಾರೆ.

ಅವರಿಗೆ ಓದು ಬರದು. ಆದರೂ ಓಣಿಯ ಹೆಂಗಸರು ಕೂಡಿಟ್ಟ ದುಡ್ಡೆಲ್ಲ ಅವರ ಹತ್ತಿರವೇ. ಯಾರ ದುಡ್ಡೋ ಅವರದೇ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿರುತ್ತಿತ್ತು. ಹಸಿರು ಚೌಕಳಿಯದು ಮೈಲಮ್ಮನದು, ಹಳದಿ ಹೂವಿನದು ಸೌಭಾಗ್ಯಳದು. ಪುಸ್ತಕ ಇಲ್ಲ, ಸಹಿ ಇಲ್ಲ, ಒಂದು ದಿನ ತಕರಾರೂ ಇಲ್ಲ. ಹೀಗೆ ಮೂರು ವರ್ಷ ಕೂಡಿಸಿ ಹನ್ನೊಂದು ಮಂದಿ ಲುಂಬಿನಿಗೆ ಹೊರಟಿದ್ದರು. ಅಲ್ಲಿನ ಊಟ, ವಸತಿ, ಓಡಾಟ ಎಲ್ಲವೂ ಆ ಗಂಟುಗಳಲ್ಲೇ. ಹತ್ತು, ಇಪ್ಪತ್ತು, ಐವತ್ತು, ಹೆಚ್ಚೆಂದರೆ ನೂರರ ನೋಟು.

ನಾನು ದಾವಣಗೆರೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕೂಸು ಸೀನಿದರೂ ಮೊದಲು ಫೋನಿನಲ್ಲಿ ಹುಡುಕುವವಳು. ಹೊರದೇಶಕ್ಕೆ ಹಣ ಹೇಗೆ ಒಯ್ಯಬೇಕೆಂದು ಹುಡುಕಿದೆ. ಮೈಗೆ ಅಂಟಿದ ಚೀಲದಲ್ಲಿಡಿ, ಕಟ್ಟು ದಪ್ಪಗೆ ಕಾಣಬಾರದು, ದಿನದ ಖರ್ಚಿನದು ಬೇರೆ ಇರಲಿ, ಎಲ್ಲವನ್ನೂ ಒಬ್ಬರ ಹತ್ತಿರ ಇಡಬೇಡಿ. ಕೊನೆಯದನ್ನು ಓದಿ ಹೇಳಿದಾಗ ಸೌಭಾಗ್ಯ ನಕ್ಕುಬಿಟ್ಟಳು.

"ದುರುಗವ್ವನ ಸೊಂಟಕ್ಕಿಂತ ಗಟ್ಟಿ ಬ್ಯಾಂಕು ಯಾವುದೈತಿ?"

ಅದೊಂದನ್ನು ಬಿಟ್ಟೆ. ಮಿಕ್ಕಿದ್ದನ್ನು ಬಿಡಲಿಲ್ಲ. ಹೊರಡುವ ಹಿಂದಿನ ದಿನ ಹನ್ನೊಂದೂ ಗಂಟು ಬಿಚ್ಚಿಸಲು ಕೂತೆ.

"ನನ್ನ ಗಂಟು ಬಿಚ್ಚಬ್ಯಾಡ ತಾಯಿ," ಮೈಲಮ್ಮ ಕೈ ಅಡ್ಡ ಇಟ್ಟರು. "ಚಿಲ್ಲರಿ ಇದ್ರ ಎಲ್ಲ್ಯಾದ್ರೂ ಕೊಡಾಕ ಬರ್ತೈತಿ."

"ಇಷ್ಟು ದಪ್ಪ ಕಟ್ಟಿಕೊಂಡು ಹೋದ್ರೆ ಕಳ್ಳರನ್ನ ಕರೆದು ತೋರಿಸಿದಂಗೆ ಆಗುತ್ತೆ, ಅಮ್ಮ."

"ನೋಡಲೇ ಸೌಭಾಗ್ಯ, ಇಂಗ್ಲಿಷ್ ಸೊಸಿ ಹೆಂಗ ಹೆದರಸ್ತಾಳ!"

ಅತ್ತೆ ಮಾತ್ರ ನಗಲಿಲ್ಲ. "ಓದಿದಾಕಿ ಹೇಳ್ತಾಳ, ಬಿಚ್ಚವ್ವ," ಎಂದರು.

ಬ್ಯಾಂಕಿಗೆ ಹೋಗಿ ಅಷ್ಟನ್ನೂ ಐನೂರರ ನೋಟು ಮಾಡಿಸಿಕೊಂಡು ಬಂದೆ. ಬೆರಳು ದಪ್ಪದ ಒಂದೇ ಕಟ್ಟು. ನಾನೇ ಹೊಲಿದ ಚೀಲದಲ್ಲಿಟ್ಟು ಅತ್ತೆಯ ಸೀರೆಯೊಳಗೆ ಸೊಂಟಕ್ಕೆ ಕಟ್ಟಿದೆ. ಹಗುರಾಯಿತಾ ಎಂದು ಕೇಳಿದೆ.

"ಹಗುರಾಗೈತಿ. ಆದ್ರ ಯಾರದು ಯಾವುದು ಅಂತ ಕೈಗೆ ತಿಳೀವಲ್ದು."

ಅವರು ಹೋಗಿ ನಾಲ್ಕನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಬೀರಲಿಂಗೇಶ್ ಬಂದ. ನೇಪಾಳದ ಗಡಿ ಕಾಯುವ ಕೆಲಸದಲ್ಲಿದ್ದವನು, ಹಿಂದಿನ ದಿನ ರಜೆಯ ಮೇಲೆ ಊರಿಗೆ ಬಂದಿದ್ದ.

"ದುರುಗವ್ವ ಲುಂಬಿನಿಗೆ ಹೋಗ್ಯಾಳಂತ? ರೊಕ್ಕ ಎಲ್ಲಾ ನೂರರ ನೋಟು ಅದಾವಲ್ಲ ರೇಖಕ್ಕ?"

"ಐನೂರರವು," ಎಂದೆ.

ಅವನು ಹಣೆ ಬಡಿದುಕೊಂಡ.

"ಅಯ್ಯ ನಮ್ಮಕ್ಕ! ನೂರರ ಮ್ಯಾಲಿನ ನೋಟು ಆಕಡಿ ನಡೆಯಂಗಿಲ್ಲ. ಚೆಕ್ಕಿಂಗಿನ್ಯಾಗ ಸಿಕ್ರ ಕಸಗೊಂತಾರ, ಕೂಡ್ರಿಸಿ ಕೇಳ್ತಾರ. ಗೇಟಿನ ಈಕಡಿ ಇದ್ದಾಗ್ಲೇ ನೂರು ಮಾಡಿಸ್ಬೇಕು. ಮದ್ಲು ಫೋನ್ ಹಚ್ಚು!"

ಈಗ ಆ ನಿಯಮ ಸಡಿಲಾಗಿದೆಯಂತೆ. ಇದು 2024ರ ಮಾತು, ಆಗ ಹಾಗಿರಲಿಲ್ಲ.

ಅತ್ತೆಯ ಫೋನು ಸ್ವಿಚ್ ಆಫ್. ಚಾರ್ಜು ಉಳಿಸಲು ಆಫ್ ಮಾಡಿಟ್ಟುಕೊಳ್ಳಿ ಎಂದು ಹೇಳಿಕೊಟ್ಟವಳೂ ನಾನೇ. ಸರ್ಕಾರಿ ಬಸ್ಸಿನ ಕಂಡಕ್ಟರಾದ ಗಂಡನಿಗೆ ಮಾಡಿದೆ. "ಬಸ್ ತುಂಬೈತಿ, ಏನು ಜಲ್ದಿ ಹೇಳು," ಎಂದ. "ಏನಿಲ್ಲ, ಕೂಸು ಹಠ ಮಾಡ್ತಿದೆ," ಎಂದು ಇಟ್ಟುಬಿಟ್ಟೆ. ಅವನ ತಾಯಿಯನ್ನು ನಾನು ಎಲ್ಲಿಗೆ ತಂದು ನಿಲ್ಲಿಸಿದ್ದೇನೆಂದು ಹೇಳಲು ಬಾಯಿ ಬರಲಿಲ್ಲ.

ಉಳಿದದ್ದು ಗಾದೆಪ್ಪ ಮಾಸ್ತರು. ಹರಪನಹಳ್ಳಿಯ ನಿವೃತ್ತ ಮಾಸ್ತರು, ಎಲ್ಲರನ್ನೂ ಕರೆದುಕೊಂಡು ಹೋದವರು. ಅವರಿಗೂ ಅದು ಮೊದಲ ಸಲ. ಕಿವಿ ಮಂದ, ಹಾಗಾಗಿ ಯಾರ ಫೋನು ಬಂದರೂ ಸ್ಪೀಕರ್ ಹಾಕುತ್ತಾರೆ. ನಾನು ಹೇಳುವುದನ್ನು ಇಡೀ ಬಸ್ಸು ಕೇಳುತ್ತದೆ. ಮೈಲಮ್ಮ ಕೇಳುತ್ತಾರೆ. ಯಾರ ಗಂಟನ್ನೂ ಕಲಸದ ದುರುಗಮ್ಮನ ಕೈಯಲ್ಲೇ ಹನ್ನೊಂದು ಜನರ ದುಡ್ಡು ಮುಳುಗಿತೆನ್ನುತ್ತಾರೆ.

ಮಾಸ್ತರಿಗೆ ವಾಟ್ಸಾಪಿನಲ್ಲಿ ಬರೆದೆ, ಅಳಿಸಿದೆ. ಮತ್ತೆ ಬರೆದು ಕಳಿಸಿದೆ. ಒಂದೇ ಟಿಕ್ ಮೂಡಿತು, ತಲುಪಿತೆನ್ನುವ ಎರಡನೆಯದು ಮೂಡಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಅವರು ಒಂಬತ್ತಕ್ಕೆ ಗೋರಖಪುರ ಬಿಡುವವರು, ಗಡಿಗೆ ಮೂರು ತಾಸಿನ ದಾರಿ. ಗುರುತಿಲ್ಲದ ಊರಿನಲ್ಲಿ ಯಾರೋ ಅಧಿಕಾರಿ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ತಿಳಿಯದ ಭಾಷೆಯಲ್ಲಿ "ಇಷ್ಟು ದುಡ್ಡು ಯಾರದು?" ಎಂದು ಗದರುತ್ತಿರುವಂತೆ ಕಂಡಿತು. ಅವರು ಏನು ಹೇಳಿಯಾರು? ಕೂಸು ಅಳುತ್ತಿತ್ತು. ಅದನ್ನು ಚಾಪೆಯ ಮೇಲೆ ಬಿಟ್ಟು ನಾನೂ ಅಳುತ್ತಿದ್ದೆ.

ಹನ್ನೊಂದೂವರೆ ದಾಟಿತ್ತು. ಗಡಿ ದಾಟಿದರೆ ಈ ಕಡೆಯ ಸಿಮ್ಮು ಹತ್ತುವುದಿಲ್ಲ ಎಂದಿದ್ದ ಬೀರಲಿಂಗೇಶ್. ಮಾಸ್ತರ ನಂಬರು ಒತ್ತಿದೆ. ರಿಂಗಾಯಿತು.

"ಹಲೋ, ಯಾರ್ರಿ? ಜೋರಾಗಿ ಹೇಳ್ರಿ, ಗಡಿ ಬಂತು, ಗೇಟು ಕಾಣಾಕತ್ತೈತಿ!"

"ಸರ್, ಬಸ್ ನಿಲ್ಲಿಸಿ! ದಾಟಬೇಡಿ!" ನಾನು ಕಿರುಚಿದೆ. "ಅತ್ತೆ, ಆ ಐನೂರರ ನೋಟು ಆ ಕಡೆ ನಡೆಯಲ್ಲ, ಕಿತ್ತುಕೊಳ್ತಾರೆ. ಎಲ್ಲರೂ ಕೇಳಿಸಿಕೊಳ್ಳಿ, ಮೈಲಮ್ಮ ನೀವೂ. ಗಂಟು ಬಿಚ್ಚಿಸಿದ್ದು ನಾನು, ನೋಟು ಬದಲಿಸಿದ್ದು ನಾನು. ಅತ್ತೆ ಬೇಡ ಅನ್ನಲಿಲ್ಲ ಅಷ್ಟೇ. ತಪ್ಪು ನಂದು."

ಅತ್ತ ಒಂದೇ ಗದ್ದಲ. ಯಾರೋ "ಯವ್ವಾ!" ಎಂದರು, ಯಾರೋ ಡ್ರೈವರನ ಬೆನ್ನು ಬಡಿದ ಸದ್ದು. ಆಮೇಲೆ ಅತ್ತೆಯ ದನಿ, ಫೋನಿಗೆ ತೀರಾ ಹತ್ತಿರ.

"ಬಸ್ಸು ನಿಂತೈತಿ. ಅಳೋದು ಬಿಡು, ಏನು ಮಾಡ್ಬೇಕು ಹೇಳು."