ಒಂದು ಬೆಂಚಿಗೆ ಒಬ್ಬರೇ

ಗೆಳೆಯರೇ, ಇಂದು ಕಾಲೇಜಿನಲ್ಲಿ ಇತಿಹಾಸದ ಇಂಟರ್ನಲ್ ಟೆಸ್ಟ್ ಇತ್ತು. ನನಗೆ ಕಣ್ಣು ಕಾಣುವುದಿಲ್ಲ. ನಾನು ಉತ್ತರ ಹೇಳಬೇಕು, ಮೋರಟಗಿಯಿಂದ ಬರುವ ಪಿಯುಸಿ ಹುಡುಗಿ ಶಬಾನಾ ಬರೆಯಬೇಕು. ನನ್ನ ಪಕ್ಕ ಕೂತಿದ್ದ ಅವಳನ್ನು ಮೇಲ್ವಿಚಾರಕರು ಎಬ್ಬಿಸಿದರು.

“ಒಂದ್ ಬೆಂಚಿಗೆ ಒಬ್ರ. ಎದ್ದು ಹಿಂದ ಹೋಗವಾ.”

“ಸರ್, ನಾ ಹೇಳಿದ್ದನ್ನ ಆಕಿ ಬರೀಬೇಕ್ರಿ. ಬ್ಯಾರೆ ಖೋಲಿ ಕೊಡ್ರಿ,” ಎಂದೆ.

“ಖೋಲಿ ಖಾಲಿ ಇಲ್ಲ. ಇಲ್ಲಿಂದನ ಹೇಳು. ಆಕಿಗೆ ಕಿವಿ ಅದಾವಲ್ಲ.”

ಶಬಾನಾ ಮೂರು ಬೆಂಚು ಹಿಂದೆ ಹೋಗಿ ಕೂತು, ಅಲ್ಲಿಂದಲೇ ಪ್ರಶ್ನೆ ಓದಿ ಹೇಳಿದಳು. ನಾನು ದನಿ ಏರಿಸಿ ಹೇಳತೊಡಗಿದೆ. ಎರಡನೇ ಪ್ರಶ್ನೆಗೆ ಬರುವಷ್ಟರಲ್ಲಿ ಇಡೀ ಹಾಲಿನ ಪೆನ್ನುಗಳ ಸದ್ದು ನನ್ನ ಮಾತಿನ ಹಿಂದೆಯೇ ಓಡುತ್ತಿತ್ತು. ಕಿಟಕಿ ಪಕ್ಕದಿಂದ ಒಬ್ಬ ಕೇಳಿಯೇ ಬಿಟ್ಟ, “ಯಕ್ಕಾ, ಕಡೀಕ ಹೇಳಿದ ಸಾಲು ಇನ್ನೊಮ್ಮೆ ಹೇಳು.”

ಮೇಲ್ವಿಚಾರಕರಿಗೆ ಸಿಟ್ಟು ಬಂತು, ಅದೂ ನನ್ನ ಮೇಲೆ. “ಎಲ್ಲಾರಿಗೂ ಕಾಪಿ ಹೊಡಸಾಕತ್ತೀ ಏನು?”

ವರ್ಷವೆಲ್ಲ ‘ನಿಮ್ಮ ನೋಟ್ಸ್ ಒಂದೀಟು ಓದಿ ಹೇಳ್ರಪಾ’ ಎಂದು ಇದೇ ಸಹಪಾಠಿಗಳ ಬೆನ್ನು ಹತ್ತಿದ್ದೆ. ಒಬ್ಬರಿಗೂ ಪುರಸೊತ್ತು ಇರಲಿಲ್ಲ. ಇಂದು ನಾನು ಹೇಳುವಾಗ ಒಬ್ಬರೂ ಒಂದಕ್ಷರ ಬಿಡಲಿಲ್ಲ.